ಗೋಪುರವಿಲ್ಲದ ಜಾಲವನ್ನು ಗಣಕದಲ್ಲಿ ಕಟ್ಟಿದ ಬಗೆ

ಮೊಬೈಲ್ ದೂರವಾಣಿಗೆ ಗೋಪುರ ಬೇಕು. ಭೂಕಂಪದಲ್ಲಿ ಆ ಗೋಪುರಗಳೇ ಉರುಳಿದರೆ? ಆಗ ಒಂದು ಉಪಕರಣದ ಸಂದೇಶವನ್ನು ನೆರೆಯ ಉಪಕರಣವು ಪಡೆದು ಮುಂದಿನದಕ್ಕೆ ದಾಟಿಸಬೇಕಾಗುತ್ತದೆ. ಇಂತಹ ಏರ್ಪಾಟಿಗೆ ‘ಅಡ್‌ಹಾಕ್ ಜಾಲ’ವೆಂದು ಹೆಸರು. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಾರ್ಪಾ 1973ರಲ್ಲಿ ಆರಂಭಿಸಿದ ಪ್ಯಾಕೆಟ್ ರೇಡಿಯೋ ಯೋಜನೆಯಲ್ಲಿ ಇದರ ಬೇರುಗಳಿವೆ.

ಸಾವಿರಾರು ಉಪಕರಣಗಳನ್ನು ಬಯಲಿಗೆ ಒಯ್ದು ಪರೀಕ್ಷಿಸುವುದು ದುಸ್ಸಾಧ್ಯ. ಆದುದರಿಂದ ವಿದ್ವಾಂಸರು ಗಣಕದೊಳಗೇ ಜಾಲದ ಪ್ರತಿರೂಪವನ್ನು, ಅಂದರೆ ಸಿಮ್ಯುಲೇಟರನ್ನು, ನಿರ್ಮಿಸಿದರು. 1998ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ 1500 ಮೀಟರ್ ಉದ್ದ, 300 ಮೀಟರ್ ಅಗಲದ ಕಲ್ಪಿತ ಮೈದಾನದೊಳಗೆ ಚಲಿಸಿದುದು ಕೇವಲ 50 ಘಟಕಗಳು. ಸಂಖ್ಯೆಯನ್ನು ಹೆಚ್ಚಿಸುವುದೇಕೆ ಕಷ್ಟ? ತಂತಿಯಲ್ಲಿ ಹೋದ ಮಾತು ತಂತಿಯ ಆಚೆ ತುದಿಯಲ್ಲಿರುವವನಿಗೆ ಮಾತ್ರ ತಲುಪುತ್ತದೆ. ಗಾಳಿಯಲ್ಲಿ ಬಿಟ್ಟ ಮಾತು ಸುತ್ತಲಿನವರೆಲ್ಲರ ಕಿವಿಗೂ ಬೀಳುತ್ತದೆ. ಹೇಳುವವರು, ಕೇಳುವವರು ಎಂದು ಜೋಡಿಗಳನ್ನು ಎಣಿಸಿದರೆ 50 ಘಟಕಗಳಿಗೆ 2,450. 10,000 ಘಟಕಗಳಿಗೆ ಸುಮಾರು 10 ಕೋಟಿ!

ಅದೇ 1998ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಝೆಂಗ್, ರಾಜೀವ್ ಬಗ್ರೋಡಿಯಾ ಮತ್ತು ಗೆರ್ಲಾ ಅವರು ‘ಗ್ಲೋಮೋಸಿಮ್’ ಎಂಬ ಸಿಮ್ಯುಲೇಟರನ್ನು ವಿದ್ವಾಂಸರ ಮುಂದಿಟ್ಟರು. ಮೈದಾನವನ್ನು ಭಾಗಗಳಾಗಿ ವಿಂಗಡಿಸಿ, ಒಂದೊಂದು ಭಾಗದ ಘಟಕಗಳನ್ನು ಒಟ್ಟಾಗಿ ನಿರ್ವಹಿಸಿ, ಕೆಲಸವನ್ನು ಹಲವು ಸಂಸ್ಕಾರಕಗಳಿಗೆ ಹಂಚುವುದು ಅದರ ಕ್ರಮ. ಇಲ್ಲೊಂದು ತೊಡಕುಂಟು. ಒಂದರ ಗಡಿಯಾರ ಮುಂದೋಡಿದ ಮೇಲೆ ಮತ್ತೊಂದರಿಂದ ಹಿಂದಿನ ಕ್ಷಣದ ಸಂದೇಶ ಬಂದರೆ, ಕಾರಣಕ್ಕಿಂತ ಮೊದಲೇ ಕಾರ್ಯ ಘಟಿಸಿದಂತಾಗುತ್ತದೆ. ಇದಕ್ಕೆ ಭಾರತ ಮೂಲದ ಮಣಿ ಚಾಂಡಿ ಮತ್ತು ಜಯದೇವ ಮಿಶ್ರಾ ಅವರು 1979ರಲ್ಲೇ ಒಂದು ಪರಿಹಾರವನ್ನು ಪ್ರಕಟಿಸಿದ್ದರು: “ಇಷ್ಟು ಹೊತ್ತಿನವರೆಗೆ ನನ್ನಿಂದ ಯಾವ ಸಂದೇಶವೂ ಬಾರದು” ಎಂದು ಪ್ರತಿಯೊಂದು ಭಾಗವೂ ಉಳಿದವಕ್ಕೆ ಮೊದಲೇ ತಿಳಿಸುವುದು. ಆ ಭರವಸೆ ದೊರೆತಷ್ಟು ದೂರ ಮಾತ್ರ ಪ್ರತಿಯೊಂದೂ ಮುಂದುವರಿಯಬಹುದು.

ಆದರೆ ಗಾತ್ರ ಮತ್ತು ವೇಗಗಳಿಂದಲೇ ಸತ್ಯ ದೊರೆಯುವುದಿಲ್ಲ. ಪ್ರತಿ ಘಟಕವೂ ಮನಬಂದ ಗುರಿಯತ್ತ, ಸೊನ್ನೆಯಿಂದ ಗರಿಷ್ಠದವರೆಗಿನ ಯಾವುದೋ ವೇಗದಲ್ಲಿ ಸಾಗುತ್ತದೆಂದು ಬಹುಪಾಲು ಸಂಶೋಧಕರು ಭಾವಿಸುತ್ತಿದ್ದರು. 2003ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಯೂನ್, ಲಿಯು ಮತ್ತು ನೋಬಲ್ ಅವರು ಅದರೊಳಗಿನ ದೋಷವನ್ನು ತೋರಿಸಿದರು. ವೇಗಿಗಳು ಬೇಗನೆ ಗುರಿ ಮುಟ್ಟಿ ಹೊಸ ವೇಗವನ್ನು ಆರಿಸಿಕೊಳ್ಳುತ್ತಾರೆ. ಮಂದಗತಿಯವರು ಬಹುಕಾಲ ದಾರಿಯಲ್ಲೇ ಉಳಿಯುತ್ತಾರೆ. ಹೀಗಾಗಿ ಪ್ರಯೋಗ ನಡೆದಷ್ಟೂ ಸರಾಸರಿ ವೇಗ ಕುಸಿಯುತ್ತದೆ. ಫಲಿತಾಂಶವು ಪ್ರಯೋಗದ ಅವಧಿಯನ್ನೇ ಅವಲಂಬಿಸಿಬಿಡುತ್ತದೆ! ಕನಿಷ್ಠ ವೇಗವನ್ನು ಸೊನ್ನೆಗಿಂತ ಮೇಲೆ ಇಡಿರೆಂಬುದು ಅವರು ಸೂಚಿಸಿದ ಸರಳ ಮದ್ದು.

ನಾಳೆ ಕುಸಿದ ಊರೊಂದರಲ್ಲಿ ರಕ್ಷಣಾ ಕಾರ್ಯಕರ್ತರು ಇಂತಹ ಜಾಲವನ್ನೇ ನಂಬಿ ಒಳಹೊಕ್ಕಾರು. ಸಿಮ್ಯುಲೇಟರಿನ ಒಂದು ಸೊನ್ನೆಯನ್ನೂ ಪರೀಕ್ಷಿಸಿ ನೋಡಬೇಕಾದುದು ಅವರಿಗಾಗಿ. ಗಣಕ ಕ್ಷೇತ್ರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಈ ವಿಷಯದಲ್ಲಿ ಹೆಚ್ಚಿನದನ್ನು ಬಲ್ಲವರಾದರೆ ನನಗೂ ತಿಳಿಸಬೇಕೆಂದು ಕೋರುತ್ತೇನೆ.