ನಮ್ಮ ಶಾಲೆಯ ಮಳೆಮರ ಇಳಿಸಿದ ಮೂರು ದಿನ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಎಲ್ಲಿ ಸಿಕ್ಕರೂ ಅಂಗಳದ ಮಳೆಮರದ ಮಾತು ಬಂದೇ ಬರುತ್ತದೆ. ಕಟ್ಟೆ ಈಗಲೂ ಇದೆ, ಮರವಿಲ್ಲ. ಅದು ಹೇಗೆ ಹೋಯಿತೆಂದು ಕಣ್ಣಾರೆ ಕಂಡವನಾದ್ದರಿಂದ ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಊರಿನ ವಿಷಯ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿನ ಗಣಿ ಕೆಲಸಕ್ಕೆ ಕೈಹಾಕಿತು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಬಂತು. ಗಣಿಯ ಪಕ್ಕದಲ್ಲಿ ಬೆಳೆದ ನಮ್ಮ ಪೇಟೆಗೆ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ರಾಬರ್ಟ್‌ಸನ್ ಅವರ ಹೆಸರಾಯಿತು. ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣು ಸೈನೈಡ್ ದಿಬ್ಬಗಳಾಗಿ ನಿಂತಿತು. ಗಾಳಿ ಎದ್ದರೆ ಅದರ ದೂಳು ಊರಿನ ಮೇಲೆ. ಇಂಥ ಕಡೆ ನೆರಳು ಕೊಡುವ ಮರವೆಂದರೆ ಆಸ್ತಿ. ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಮಳೆಮರ ಸಂಜೆಯಾದರೆ ಎಲೆ ಮಡಚಿ ಮಲಗುವುದನ್ನು ನಾವು ಆಟದ ಪೀರಿಯಡ್ಡಿನಲ್ಲಿ ನೋಡುತ್ತಿದ್ದೆವು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಎರಡು ವರ್ಷದ ಮೇಲೆ, ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಒಂದು ಭಾನುವಾರ ರಾತ್ರಿಯ ಗಾಳಿಮಳೆಗೆ ಆ ಮರದ ಕೊಂಬೆ ಮುರಿದು ಹೆಂಚಿನ ಮೇಲೆ ಬಿತ್ತು. ನಾನು ಕೂರುತ್ತಿದ್ದ ಬೆಂಚು ಎರಡು ತುಂಡು. ಬಿದ್ದದ್ದು ಸೋಮವಾರ ಬೆಳಿಗ್ಗೆಯಾಗಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ.

ಹೆಡ್‌ಮಾಸ್ಟರು 1976ರ ಮರ ಸಂರಕ್ಷಣಾ ಕಾಯಿದೆಯಂತೆ ಅರ್ಜಿ ಹಾಕಿ ಅನುಮತಿ ತಂದರು. ಬುಡಕ್ಕೆ ಗರಗಸ ಹಾಕಿ ಲಾರಿಯಿಂದ ಎಳೆಯೋಣ ಎಂದು ಒಬ್ಬರು ಬಂದರು. ಆದರೆ ಒಂದು ಕಡೆ ತರಗತಿ, ಇನ್ನೊಂದು ಕಡೆ ಕರೆಂಟ್ ತಂತಿ, ಮುಂದೆ ರಸ್ತೆ. ಮರ ಮಲಗಲು ಜಾಗವೇ ಇರಲಿಲ್ಲ.

ಆಗ ಬಂದವರು ನಮ್ಮ ಲೈನಿನ ಪೆರಿಯಪ್ಪ. ತಮಿಳು ಮನೆಯ ಹಿರಿಯರನ್ನು ನಾವು ಹಾಗೆ ಕರೆಯುತ್ತಿದ್ದೆವು. ಗಣಿಯ ಶಾಫ್ಟ್‌ನಲ್ಲಿ ಕೇಜು, ಹಗ್ಗ ನೋಡಿಕೊಂಡು ಆಯುಷ್ಯ ಕಳೆದವರು, ಎರಡು ವರ್ಷದಿಂದ ಕೆಲಸವಿಲ್ಲದೆ ಮನೆಯಲ್ಲಿದ್ದರು. ಬಂದವರೇ ಸುತ್ತಿಗೆಯಿಂದ ಕಾಂಡವನ್ನು ಬುಡದಿಂದ ತಟ್ಟುತ್ತಾ, ಏಣಿ ಹತ್ತಿ ಕವಲಿನವರೆಗೂ ಹೋದರು. ಗಣಿಯಲ್ಲಿ ತಲೆಯ ಮೇಲಿನ ಬಂಡೆಯನ್ನು ಹೀಗೇ ತಟ್ಟಿ ನೋಡುತ್ತಾರೆ. ಗಟ್ಟಿ ಬಂಡೆ ಗಂಟೆಯಂತೆ ನುಡಿಯುತ್ತದೆ, ಸಡಿಲ ಬಂಡೆ ಬೊದಬೊದ ಎನ್ನುತ್ತದೆ. ಕಾಂಡ ಗಟ್ಟಿಯಾಗಿತ್ತು, ತರಗತಿಯ ಕಡೆಯ ಕವಲು ಟೊಳ್ಳಾಗಿತ್ತು.

"ಕಡಿಯೋದು ಬೇಡ ಸಾರ್, ಇಳಿಸೋಣ" ಎಂದರು.

ಮೊದಲು ಟೊಳ್ಳು ಕವಲನ್ನು ಗಟ್ಟಿ ಕವಲಿಗೆ ಬಿಗಿದು ಕಟ್ಟಿಸಿದರು. ಗಟ್ಟಿ ಕವಲಿನ ಎತ್ತರದಲ್ಲಿ ರಾಟೆ ಕೂರಿಸಿದರು. ಕತ್ತರಿಸುವ ಕೊಂಬೆಗೆ ಕಟ್ಟಿದ ಹಗ್ಗ ರಾಟೆಯ ಮೇಲೆ ಹಾದು, ಕೆಳಗೆ ಪಕ್ಕದ ಬೇವಿನ ಮರಕ್ಕೆ ಮೂರು ಸುತ್ತು ಸುತ್ತಿ, ಅವರ ಕೈಗೆ ಬರುತ್ತಿತ್ತು. ಸುತ್ತು ಹೆಚ್ಚಿದಷ್ಟೂ ಉಜ್ಜುವಿಕೆ ಭಾರವನ್ನು ಹಿಡಿಯುತ್ತದೆ. ಹಾಗಾಗಿ ನಾಲ್ಕಾಳು ಎತ್ತಲಾಗದ ಕೊಂಬೆಯನ್ನು ಒಬ್ಬರೇ ಇಳಿಸಬಹುದು. ಆದರೆ ಮೇಲಿನ ರಾಟೆಯ ಮೇಲೆ ಕೊಂಬೆಯ ತೂಕದ ಸುಮಾರು ಎರಡರಷ್ಟು ಬೀಳುತ್ತದೆ. ಸಡಿಲ ಹಗ್ಗದಲ್ಲಿ ಕೊಂಬೆ ಬಿದ್ದು ತಟ್ಟನೆ ನಿಂತರೆ ಜಗ್ಗು ಅದಕ್ಕೂ ಹೆಚ್ಚು. ರಾಟೆಗೆ ಗಟ್ಟಿ ಕವಲನ್ನೇ ಹುಡುಕಿದ್ದು ಇದಕ್ಕೆ.

ಮೇಲೆ ಹತ್ತಿದ್ದು ಹುಣಸೆಮರ ಹತ್ತಿ ಕಾಯಿ ಉದುರಿಸುವ ಹಳ್ಳಿಯ ಯುವಕ. ಗಟ್ಟಿ ಕವಲಿಗೆ ಕಟ್ಟಿದ ಎರಡು ಹಗ್ಗ ಅವನ ಸೊಂಟಕ್ಕೆ. ಒಂದಕ್ಕೆ ಗರಗಸ ತಗುಲಿದರೂ ಇನ್ನೊಂದು ಇರಬೇಕು. ಟೊಳ್ಳು ಕವಲಿನ ಮೇಲೆ ಕಾಲಿಡದೆ ಹಗ್ಗಕ್ಕೆ ಮೈಭಾರ ಬಿಟ್ಟು, ತುದಿಯಿಂದ ಒಳಕ್ಕೆ ಬಂದ. ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ. ಇಲ್ಲದಿದ್ದರೆ ತೊಗಟೆ ಸಿಗಿದು ಕೊಂಬೆ ಅವನ ಕಡೆಗೇ ತಿರುಗುತ್ತದೆ. ಮಾತು ಕೇಳಿಸದ ಎತ್ತರವಾದ್ದರಿಂದ ಸೀಟಿಯ ಸನ್ನೆ: ಒಂದು ನಿಲ್ಲಿಸು, ಎರಡು ಇಳಿಸು. ಶಾಫ್ಟ್‌ನಲ್ಲಿ ಕೇಜಿಗೆ ಬಾರಿಸುವ ಗಂಟೆಯ ಹಾಗೆ.

ಎರಡನೆಯ ಮಧ್ಯಾಹ್ನ ಮೋಡ ಕಟ್ಟಿತು. ದೊಡ್ಡ ತುಂಡನ್ನೇ ಇಳಿಸಿ ಬೇಗ ಮುಗಿಸಿ ಎಂದು ಸುತ್ತ ನಿಂತವರು ಕೂಗಿದರು. ಅಷ್ಟರಲ್ಲಿ ಸಹಾಯಕ್ಕಿದ್ದ ಹುಡುಗನೊಬ್ಬ ನೆಲದ ಮೇಲಿನ ಹಗ್ಗದ ಸುರುಳಿಯೊಳಗೆ ಕಾಲಿಟ್ಟ. ಪೆರಿಯಪ್ಪ ಒಂದು ಸೀಟಿ ಊದಿ ಎಲ್ಲವನ್ನೂ ನಿಲ್ಲಿಸಿದರು. ಹುಡುಗನನ್ನು ಈಚೆಗೆ ಎಳೆದು, ಆ ದಿನದ ಕೆಲಸವನ್ನೇ ಮುಗಿಸಿಬಿಟ್ಟರು. "ಅವಸರದಲ್ಲಿ ಸತ್ತವರನ್ನು ಮೇಲಕ್ಕೆ ತಂದಿದ್ದೀನಿ, ಸಾರ್" ಎಂದಷ್ಟೇ ಹೇಳಿದರು. ಯಾರೂ ಮಾತಾಡಲಿಲ್ಲ.

ಮೂರನೆಯ ದಿನ ಗಟ್ಟಿ ಕವಲೂ ಕಾಂಡವೂ ಮೊಳದುದ್ದದ ತುಂಡುಗಳಾಗಿ ಕೆಳಗಿಳಿದವು. ತಮಿಳು, ತೆಲುಗು, ಕನ್ನಡ ಮೂರೂ ಮಾತಿನವರು ಹಗ್ಗ ಹಿಡಿದಿದ್ದರು. "ಮೆಲ್ಲ, ಮೆಲ್ಲ" ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಆ ಮೂರು ದಿನದಲ್ಲಿ ಒಂದು ಹೆಂಚೂ ಒಡೆಯಲಿಲ್ಲ.

ಕೂಲಿಯ ಜೊತೆಗೆ ಪೆರಿಯಪ್ಪ ಕೇಳಿದ್ದು ಒಂದು ಕಾಗದ. ತಾವು ಮಾಡಿದ ಕೆಲಸವನ್ನು ಶಾಲೆಯ ಮೊಹರಿನೊಂದಿಗೆ ಬರೆದುಕೊಡಬೇಕು ಎಂದರು. "ಗಣಿ ಕೊಟ್ಟ ಸರ್ಟಿಫಿಕೇಟ್ ಮುಚ್ಚಿಹೋದ ಗಣಿಯದು. ನಿಮ್ಮದು ನಡೆಯುತ್ತಿರೋ ಶಾಲೆ." ಹೆಡ್‌ಮಾಸ್ಟರು ಕೂತು ಪುಟ ತುಂಬ ಬರೆದರು. ಅದನ್ನು ಹಿಡಿದು ಅವರು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋದರು. ಒಂದು ಕಟ್ಟಡದ ಕೆಲಸದಲ್ಲಿ ಕ್ರೇನಿನ ಹಗ್ಗ ನೋಡಿಕೊಳ್ಳುವ ಕೆಲಸ ಸಿಕ್ಕಿತು.

ಆ ಬೇವಿನ ಮರ ಈಗ ಬಹಳ ದೊಡ್ಡದಾಗಿದೆ. ಪ್ರತಿ ವರ್ಷ ಮುಂಗಾರಿಗೆ ಮೊದಲು ಯಾರಾದರೂ ಒಬ್ಬರು ಸುತ್ತಿಗೆ ಹಿಡಿದು ಅದನ್ನು ತಟ್ಟಿ ನೋಡಬೇಕೆಂದು ಈಗಿನ ಶಿಕ್ಷಕರಲ್ಲಿ ನನ್ನ ವಿನಂತಿ.