ಲಿವರ್‌ಗೆ ಮಾತ್ರೆ ತಗೋತಿದ್ದೀರಾ? ಕಿಡ್ನಿ ಕಡೆಗೂ ಒಂದು ಕಣ್ಣಿರಲಿ: ಆಟೋಇಮ್ಯೂನ್ ಹೆಪಟೈಟಿಸ್ ಬಗ್ಗೆ ತಿಳಿಯಬೇಕಾದ್ದು

ಲಿವರ್ ಕಾಯಿಲೆ ಅಂದ ತಕ್ಷಣ ನಮ್ಮ ಕಡೆ ಕೇಳೋ ಮೊದಲ ಪ್ರಶ್ನೆ 'ಕುಡೀತಿದ್ರಾ?' ಅನ್ನೋದು. ಜೀವನದಲ್ಲಿ ಒಂದು ತೊಟ್ಟು ಮದ್ಯ ಮುಟ್ಟದ ಹೆಣ್ಣುಮಕ್ಕಳಿಗೂ ಲಿವರ್ ಕೆಡುತ್ತೆ ಅಂದ್ರೆ ಜನ ನಂಬಲ್ಲ. ಆಟೋಇಮ್ಯೂನ್ ಹೆಪಟೈಟಿಸ್ ಅಂಥದ್ದೇ ಕಾಯಿಲೆ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರೋಗ ನಿರೋಧಕ ಶಕ್ತಿ ದಾರಿ ತಪ್ಪಿ, ತನ್ನದೇ ಲಿವರ್ ಮೇಲೆ ದಾಳಿ ಮಾಡುತ್ತೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಅಂಟುರೋಗ ಅಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಹರಡಲ್ಲ.

1950ರಲ್ಲಿ ಸ್ವೀಡನ್‌ನ ವೈದ್ಯ ವಾಲ್ಡೆನ್‌ಸ್ಟ್ರಾಮ್ ಇದನ್ನು ಯುವತಿಯರಲ್ಲಿ ಗುರುತಿಸಿ ವಿವರಿಸಿದರು. 1956ರಲ್ಲಿ ಆಸ್ಟ್ರೇಲಿಯಾದ ಇಯಾನ್ ಮೆಕೇ ಮತ್ತು ಸಂಗಡಿಗರು 'ಲೂಪಾಯ್ಡ್ ಹೆಪಟೈಟಿಸ್' ಅಂತ ಕರೆದರು. ಲೂಪಸ್ ಕಾಯಿಲೆಯಲ್ಲಿ ಕಾಣೋ ಕೆಲವು ಲಕ್ಷಣ ಇದರಲ್ಲೂ ಕಂಡಿದ್ದಕ್ಕೆ ಆ ಹೆಸರು. ಲೂಪಸ್ ಕಿಡ್ನಿಗೆ ನೇರವಾಗಿ ಹೊಡೆಯೋ ಕಾಯಿಲೆ. ಎರಡೂ ಬೇರೆ ಬೇರೆ ಅಂತ ಆಮೇಲೆ ಸ್ಪಷ್ಟವಾಯ್ತು. ಆದರೂ 'ಲಿವರ್ ಆಯ್ತು, ಮುಂದೆ ಕಿಡ್ನಿನೂ ಹೋಗುತ್ತಾ?' ಅನ್ನೋ ಭಯ ರೋಗಿಗಳ ಮನೆಯಲ್ಲಿ ಇದ್ದೇ ಇರುತ್ತೆ.

ಆಟೋಇಮ್ಯೂನ್ ಹೆಪಟೈಟಿಸ್ ಸಾಮಾನ್ಯವಾಗಿ ನೇರವಾಗಿ ಕಿಡ್ನಿಗೆ ಕೈ ಹಾಕಲ್ಲ. ಕಿಡ್ನಿ ಕೆಡೋದು ಸುತ್ತು ದಾರಿಯಲ್ಲಿ. ಆ ದಾರಿಗಳಲ್ಲಿ ಕೆಲವನ್ನು ನಾವೇ ಮುಚ್ಚಬಹುದು.

ಮಂಡಿನೋವಿನ ಮಾತ್ರೆ

ಈ ಕಾಯಿಲೆಯಲ್ಲಿ ವಿಪರೀತ ಸುಸ್ತು, ಕೀಲುನೋವು ಮಾಮೂಲು. ಬೆಳಿಗ್ಗೆಯಿಂದ ರಾತ್ರಿವರೆಗೆ ಅಂಗಡಿ ಗಲ್ಲಾ ಹತ್ತಿರ ನಿಲ್ಲೋರಿಗೆ ನೋವು ತಡೆಯೋಕೆ ಆಗಲ್ಲ. ಮೆಡಿಕಲ್‌ಗೆ ಹೋಗಿ 'ನೋವಿಗೆ ಒಂದು ಮಾತ್ರೆ ಕೊಡಿ' ಅಂದ್ರೆ ಸಿಗೋದು ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಅಥವಾ ಐಬುಪ್ರೊಫೆನ್. ಇವು ಕಿಡ್ನಿಗೆ ಹೋಗೋ ರಕ್ತದ ಹರಿವನ್ನು ಕಡಿಮೆ ಮಾಡ್ತವೆ. ಲಿವರ್ ಗಟ್ಟಿಯಾಗಿ ಸಿರೋಸಿಸ್ ಹಂತ ತಲುಪಿದವರ ಕಿಡ್ನಿ ಮೊದಲೇ ಕಡಿಮೆ ರಕ್ತದಲ್ಲಿ ಹೇಗೋ ಕೆಲಸ ತೂಗಿಸ್ತಿರುತ್ತೆ. ಅಂಥವರಿಗೆ ನಾಲ್ಕು ದಿನದ ನೋವಿನ ಮಾತ್ರೆಯೂ ಸಾಕು, ಕಿಡ್ನಿ ಕೈಕೊಡಬಹುದು.

ಇನ್ನೊಂದು ಮೋಸ ಇದೆ. ಪ್ಯಾರಾಸಿಟಮಾಲ್ ಜೊತೆ ಅಸಿಕ್ಲೋಫೆನಾಕ್ ಸೇರಿಸಿದ ಮಾತ್ರೆಗಳು ಎಲ್ಲಾ ಕಡೆ ಸಿಗ್ತವೆ. ಸ್ಟ್ರಿಪ್ ಮೇಲೆ ಪ್ಯಾರಾಸಿಟಮಾಲ್ ಹೆಸರು ನೋಡಿ 'ಇದು ಜ್ವರದ ಮಾತ್ರೆ, ಏನಾಗಲ್ಲ' ಅಂತ ನುಂಗೋರು ಬಹಳ. ಪೂರ್ತಿ ಹೆಸರು ಓದಿ. ಬರೀ ಪ್ಯಾರಾಸಿಟಮಾಲ್ ಆದರೆ, ಸಿರೋಸಿಸ್ ಇದ್ದವರಿಗೂ ದಿನಕ್ಕೆ ಒಟ್ಟು 2 ಗ್ರಾಂ ಮೀರದಂತೆ ವೈದ್ಯರೇ ಕೊಡೋದುಂಟು. ನಿಮಗೆ ಎಷ್ಟು ಅಂತ ಅವರನ್ನೇ ಕೇಳಿ.

ಯೂರಿಕ್ ಆ್ಯಸಿಡ್ ಜಾಸ್ತಿ ಅಂತ ಕೊಡೋ ಅಲೋಪ್ಯೂರಿನಾಲ್ ವಿಷಯದಲ್ಲಿ ಇನ್ನೂ ಹುಷಾರು. ಲಿವರ್‌ಗೆ ಅಜಾಥಿಯೋಪ್ರಿನ್ ತಗೋತಿರೋರಿಗೆ ಇದು ಸೇರಿದರೆ ರಕ್ತದ ಬಿಳಿಕಣ ಅಪಾಯಕಾರಿ ಮಟ್ಟಕ್ಕೆ ಇಳಿಯಬಹುದು. ಫೆಬುಕ್ಸೊಸ್ಟಾಟ್ ಕೂಡ ಹಾಗೇ. ಹೊಸ ಡಾಕ್ಟರ್ ಹತ್ತಿರ ಹೋದಾಗ ಹಳೇ ಚೀಟಿ ತೋರಿಸೋದು ಈ ಕಾರಣಕ್ಕೇ ಮುಖ್ಯ.

ಲಿವರ್ ಉಳಿಸೋ ಮಾತ್ರೆ, ಕಿಡ್ನಿಗೆ ಭಾರ

ಚಿಕಿತ್ಸೆ ಸಾಮಾನ್ಯವಾಗಿ ಶುರುವಾಗೋದು ಪ್ರೆಡ್ನಿಸೋಲೋನ್ ಅನ್ನೋ ಸ್ಟಿರಾಯ್ಡ್‌ನಿಂದ. ಜೊತೆಗೆ ಅಜಾಥಿಯೋಪ್ರಿನ್ ಸೇರುತ್ತೆ. ಸ್ಟಿರಾಯ್ಡ್‌ನಿಂದ ಶುಗರ್, ಬಿಪಿ ಏರುತ್ತೆ. ವರ್ಷಗಟ್ಟಲೆ ಇವೆರಡೂ ಹತೋಟಿಯಲ್ಲಿ ಇಲ್ಲದಿದ್ದರೆ ಪೆಟ್ಟು ತಿನ್ನೋದು ಕಿಡ್ನಿ. ಹಾಗಂತ ಮಾತ್ರೆ ನಿಲ್ಲಿಸಬೇಡಿ. ಕಣ್ಣು ಬೆಳ್ಳಗಾಯ್ತು, ಕಾಮಾಲೆ ಹೋಯ್ತು ಅಂತ ತಾವೇ ನಿಲ್ಲಿಸಿದವರಲ್ಲಿ ಕಾಯಿಲೆ ಮರುಕಳಿಸೋದು ತೀರಾ ಸಾಮಾನ್ಯ. ಸ್ಟಿರಾಯ್ಡ್ ಅನ್ನು ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯ ಆಗಬಹುದು. ಇಳಿಸೋದಾದರೆ ವೈದ್ಯರು ಹಂತ ಹಂತವಾಗಿ ಇಳಿಸ್ತಾರೆ.

ಈ ಎರಡು ಔಷಧಿಗೆ ಬಗ್ಗದವರಿಗೆ, ಲಿವರ್ ಕಸಿ ಆದವರಿಗೆ ಟ್ಯಾಕ್ರೋಲಿಮಸ್ ಕೊಡ್ತಾರೆ. ಅದು ನೇರವಾಗಿ ಕಿಡ್ನಿಗೆ ತೊಂದರೆ ಕೊಡಬಲ್ಲ ಔಷಧಿ. ಅದಕ್ಕೇ ರಕ್ತದಲ್ಲಿ ಅದರ ಪ್ರಮಾಣ ಎಷ್ಟಿದೆ ಅಂತ ಆಗಾಗ ಪರೀಕ್ಷೆ ಮಾಡಿಸ್ತಾರೆ. ಖರ್ಚು ಅಂತ ಆ ಪರೀಕ್ಷೆ ತಪ್ಪಿಸಬಾರದು.

'ನಾರ್ಮಲ್' ಅಂತ ಬಂದ ರಿಪೋರ್ಟ್

ಮೂತ್ರ ಹಳದಿ ಬಂದ್ರೆ ಕಿಡ್ನಿ ಹೋಯ್ತು ಅಂತ ಹೆದರೋರಿದ್ದಾರೆ. ಕಾಮಾಲೆಯಲ್ಲಿ ಮೂತ್ರ ಗಾಢ ಹಳದಿಯಾಗೋದು ಬಿಲಿರುಬಿನ್‌ನಿಂದ, ಅಂದ್ರೆ ಲಿವರ್ ತೊಂದರೆಯಿಂದ. ಮೂತ್ರ ನೊರೆ ನೊರೆಯಾಗಿ ಬರೋದು, ಪ್ರಮಾಣ ಕಡಿಮೆಯಾಗೋದು ಕಿಡ್ನಿ ಕಡೆ ಬೊಟ್ಟು ಮಾಡುತ್ತೆ. ಕಾಲು ಊತ ಎರಡರಿಂದಲೂ ಬರಬಹುದು, ಸ್ಟಿರಾಯ್ಡ್‌ನಿಂದ ಮುಖ ಊದಿಕೊಳ್ಳೋದೂ ಇದೆ. ಕನ್ನಡಿ ನೋಡಿ ತೀರ್ಮಾನ ಮಾಡೋಕಾಗಲ್ಲ.

ಲಿವರ್ ಟೆಸ್ಟ್ ಜೊತೆ ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಬೇಕಾ ಅಂತ ವೈದ್ಯರನ್ನು ಕೇಳಿ. ಇಲ್ಲೊಂದು ಸೂಕ್ಷ್ಮ ಇದೆ. ಕ್ರಿಯಾಟಿನಿನ್ ಹುಟ್ಟೋದು ಮಾಂಸಖಂಡದಿಂದ. ಲಿವರ್ ಕಾಯಿಲೆಯಿಂದ ಸೊರಗಿದವರಲ್ಲಿ ಮಾಂಸಖಂಡವೇ ಕಡಿಮೆ, ಹಾಗಾಗಿ ಕಿಡ್ನಿ ಸೋತಿದ್ದರೂ ಅಂಕಿ ಚೆನ್ನಾಗಿಯೇ ಕಾಣುತ್ತೆ. 0.6 ಇದ್ದದ್ದು 1.0 ಆದರೆ ಲ್ಯಾಬ್ ಕಾಗದದಲ್ಲಿ ನಾರ್ಮಲ್ ಅಂತಲೇ ಇರುತ್ತೆ, ಆದರೆ ವೈದ್ಯರಿಗೆ ಅದು ಎಚ್ಚರಿಕೆಯ ಗಂಟೆ. ಹಳೇ ರಿಪೋರ್ಟ್ ಇಲ್ಲದಿದ್ದರೆ ಅದು ಗೊತ್ತಾಗೋದೇ ಇಲ್ಲ. ತಾರೀಖಿನ ಪ್ರಕಾರ ಎಲ್ಲವನ್ನೂ ಒಂದೇ ಫೈಲಲ್ಲಿ ಇಡಿ.

ಹೊಟ್ಟೆಯಲ್ಲಿ ನೀರು ತುಂಬಿದ್ದಕ್ಕೆ ಮೂತ್ರ ಹೆಚ್ಚಿಸೋ ಮಾತ್ರೆ ತಗೋತಿರೋರಿಗೆ ವಾಂತಿ ಭೇದಿ ಶುರುವಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ಹೊಟ್ಟೆನೋವು ಬಂದರೂ ಅಷ್ಟೇ. ಮೈಯಲ್ಲಿ ನೀರಿನಂಶ ಕಡಿಮೆಯಾದರೆ ಅಥವಾ ಸೋಂಕು ತಗುಲಿದರೆ ಕಿಡ್ನಿ ಬೇಗ ಕೂತುಬಿಡುತ್ತೆ.

ನಾಟಿ ಔಷಧಿ, ಕಷಾಯ, ಪಥ್ಯ

ಕಾಮಾಲೆ ಅಂದ್ರೆ ಮೊದಲು ನೆನಪಾಗೋದು ನಾಟಿ ಔಷಧಿ. ಕೊರೊನಾ ಕಾಲದಲ್ಲಿ ಮನೆ ಮನೆಯಲ್ಲಿ ಅಮೃತಬಳ್ಳಿ ಕಷಾಯ ಕುಡಿದರು. 2021ರಲ್ಲಿ ಮುಂಬೈ ವೈದ್ಯರು, ಅದನ್ನು ಕುಡಿದ ಕೆಲವರಲ್ಲಿ ಆಟೋಇಮ್ಯೂನ್ ಹೆಪಟೈಟಿಸ್ ಥರದ್ದೇ ಲಿವರ್ ಹಾನಿ ಕಂಡಿದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಆಮೇಲೆ ದೇಶದ ಹಲವು ಆಸ್ಪತ್ರೆಗಳ 43 ರೋಗಿಗಳ ಅಧ್ಯಯನದಲ್ಲೂ ಇಂಥದ್ದೇ ಚಿತ್ರಣ ಬಂತು. ವಾದ ಏನೇ ಇರಲಿ, ಈ ಕಾಯಿಲೆ ಇರೋರು ಅದರ ತಂಟೆಗೆ ಹೋಗದಿರೋದು ಒಳ್ಳೇದು. ಕರಾವಳಿ, ಮಲೆನಾಡಿನ ಹಿತ್ತಲಲ್ಲಿ ಬೆಳೆಯೋ ಬಿಂಬುಳಿ, ಧಾರೆಹುಳಿಯ ರಸವನ್ನು ಲೋಟಗಟ್ಟಲೆ ಕುಡಿದು ಕಿಡ್ನಿ ಕೆಡಿಸಿಕೊಂಡ ಪ್ರಕರಣಗಳೂ ವೈದ್ಯಕೀಯ ದಾಖಲೆಯಲ್ಲಿವೆ.

ಬರೀ ಗಂಜಿ ಕುಡಿಸೋ ಪಥ್ಯವೂ ಸರಿಯಲ್ಲ. ಮೈಗೆ ಪ್ರೋಟೀನ್ ಬೇಕು. ಬೇಳೆ, ಮೊಸರು, ಮೊಟ್ಟೆ ಯಾವುದು ಎಷ್ಟು ಅನ್ನೋದು ಕಿಡ್ನಿ ಸ್ಥಿತಿ ನೋಡಿ ವೈದ್ಯರು ಹೇಳ್ತಾರೆ. ಹೊಟ್ಟೆಯಲ್ಲಿ ನೀರಿದ್ದರೆ ಉಪ್ಪು ಕಡಿಮೆ ಮಾಡಲೇಬೇಕು, ಉಪ್ಪಿನಕಾಯಿ ಹಪ್ಪಳ ದೂರ ಇಡಬೇಕು.

ಎಲ್ಲಿ ತೋರಿಸೋದು?

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ದೊಡ್ಡ ಆಸ್ಪತ್ರೆಗೆ ಹೋಗಬೇಕಾದರೆ ಅಲ್ಲಿಂದ ರೆಫರಲ್ ಚೀಟಿ ತಗೊಳ್ಳಿ. ದಿನನಿತ್ಯದ ಮಾತ್ರೆ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಇದೆಯಾ ಅಂತ ವಿಚಾರಿಸಿ. ಬೆಂಗಳೂರಿಗೆ ಹೋಗೋದಾದರೆ ಸರ್ಕಾರದ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ, ನೆಫ್ರೋ-ಯುರಾಲಜಿ ಸಂಸ್ಥೆ ಎರಡೂ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಇವೆ. ಆಧಾರ್, ರೇಷನ್ ಕಾರ್ಡ್, ರಿಪೋರ್ಟ್ ಫೈಲ್, ಈಗ ತಗೋತಿರೋ ಎಲ್ಲಾ ಮಾತ್ರೆಯ ಸ್ಟ್ರಿಪ್ ಜೊತೆಯಲ್ಲಿರಲಿ.