ಏಳು ಜನರ ಸಂಘ, ಹತ್ತು ಮನೆಗಳ ಸಂಘ

ರಾಮನಗರ ತಾಲ್ಲೂಕಿನ ಕೈಲಾಂಚ ಹೋಬಳಿಯ ಯಾವ ಊರಲ್ಲಾದರೂ ನಾಲ್ಕು ಜನ ಸೇರಿ 'ಒಂದು ಸಂಘ ಮಾಡೋಣ' ಅಂದರೆ, ಮೊದಲು ಚರ್ಚೆಗೆ ಬರೋದು ಹೆಸರು. ಆಮೇಲೆ ಅಧ್ಯಕ್ಷ ಯಾರು ಅನ್ನೋದು. ನಿಜಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಸಂಘಕ್ಕೆ ಬರುವ ದುಡ್ಡು ಯಾರದ್ದು? ಯಾವ ಕಾಯ್ದೆಯಡಿ ನೋಂದಣಿ ಮಾಡಿಸಬೇಕು ಅನ್ನೋದು ಆ ಉತ್ತರದ ಮೇಲೆ ನಿಂತಿದೆ.

ಹಬ್ಬ, ರಾಜ್ಯೋತ್ಸವ, ಆಟೋಟ, ವಾಚನಾಲಯ ಇಂಥವಕ್ಕೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960 ಸಾಕು. 18 ತುಂಬಿದ ಏಳು ಜನ, ಉದ್ದೇಶಗಳ ಪತ್ರ, ನಿಯಮಾವಳಿ ಇದ್ದರೆ ಅರ್ಜಿ ಹಾಕಬಹುದು. ಆದರೆ ಉಳಿದ ಹಣವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಸಂಘ ಮುಚ್ಚಿದರೂ ಅಷ್ಟೇ.

ಹಾಲಿನ ಡೈರಿಯ ಕಥೆ ಬೇರೆ. ಅಲ್ಲಿ ದುಡ್ಡು ಹಾಲು ಹಾಕಿದವರದ್ದು. ಹಾಗಾಗಿ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959. ಇಲ್ಲಿ ಕನಿಷ್ಠ ಹತ್ತು ಜನ ಬೇಕು, ಅವರು ಬೇರೆ ಬೇರೆ ಕುಟುಂಬದವರೇ ಆಗಿರಬೇಕು. ಅಪ್ಪ, ಮಗ, ಸೊಸೆ ಸೇರಿ ತಲೆ ಎಣಿಸಿದರೆ ನಡೆಯಲ್ಲ. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಈ 'ಹತ್ತು' ಹೊಸದೇನಲ್ಲ, 1904ರ ಬ್ರಿಟಿಷ್ ಕಾಲದ ಕಾಯ್ದೆಯಲ್ಲೇ ಇತ್ತು. ಅದರಡಿ ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು.

ಮಹಿಳೆಯರ ಸ್ವಸಹಾಯ ಗುಂಪಿಗೆ ಇದ್ಯಾವುದೂ ಬೇಡ. ಹತ್ತರಿಂದ ಇಪ್ಪತ್ತು ಜನ, ನಡಾವಳಿ ಪುಸ್ತಕ, ಬ್ಯಾಂಕ್ ಖಾತೆ. 1992ರಲ್ಲಿ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ತಂದಿತು. ಅದಕ್ಕೂ ಮೊದಲೇ ನಮ್ಮ ರಾಜ್ಯದ ಮೈರಾಡ ಸಂಸ್ಥೆ ಈ ದಾರಿ ತುಳಿದಿತ್ತು.

ಇಷ್ಟು ಫ್ಲೋಚಾರ್ಟ್ ಬರೆಯೋದು ನನ್ನಂಥ ಎಂಜಿನಿಯರಿಂಗ್ ಓದಿದವರಿಗೆ ಸುಲಭ. ಊರಲ್ಲಿ ಅದು ಹಾಗೆ ನಡೆಯಲ್ಲ. ಹೊಸ ಡೈರಿ ಎಷ್ಟೋ ಸಲ ಹಳೇ ಡೈರಿಯ ಹೊಟ್ಟೆಯಿಂದಲೇ ಹುಟ್ಟುತ್ತೆ. ದೊಡ್ಡ ಊರಿನ ಡೈರಿಗೆ ಬೆಳಗ್ಗೆ, ಸಂಜೆ ಕ್ಯಾನ್ ಹೊತ್ತು ನಡೆಯುವ ದೊಡ್ಡಿಯವರು ಒಂದು ದಿನ 'ನಮಗೇ ಒಂದು ಡೈರಿ ಕೊಡಿ' ಅಂತಾರೆ. ಹಾಲು ಕಡಿಮೆಯಾದರೆ ತಮ್ಮ ಸಂಘದ ಆದಾಯ ಬೀಳುತ್ತೆ ಅಂತ ಹಳಬರು ತಕರಾರು ತೆಗೀತಾರೆ. ಎರಡೂ ಕಡೆ ನ್ಯಾಯ ಇದೆ. ಬೈಲಾದಲ್ಲಿ ಬರೆದ 'ಕಾರ್ಯವ್ಯಾಪ್ತಿ' ಅನ್ನೋ ಒಂದು ಸಾಲು ಆಗ ಊರನ್ನೇ ಎರಡು ಮಾಡುತ್ತೆ. ಹಾಲು ತಗೊಳ್ಳೋ ಒಕ್ಕೂಟ, ಅಂದರೆ ಇಲ್ಲಿಗೆ ಬಮೂಲ್, ಅಷ್ಟು ಹಾಲು ಸಿಗುತ್ತಾ, ಲಾರಿ ಹೋಗೋ ದಾರಿ ಇದೆಯಾ ಅಂತ ನೋಡುತ್ತೆ.

ಬೈಲಾನ ಬೇರೆ ಸಂಘದ್ದನ್ನು ನೋಡಿ ಟೈಪ್ ಮಾಡಿಸಿ, ಹೆಸರಷ್ಟೇ ಬದಲಾಯಿಸೋದು ರೂಢಿ. ಚೆಕ್‌ಗೆ ಯಾರ್‍ಯಾರ ಸಹಿ, ಸಭೆಗೆ ಎಷ್ಟು ಜನ ಬಂದರೆ ಕೋರಂ ಅನ್ನೋದನ್ನು ಓದೋದು ಜಗಳ ಬಂದ ಮೇಲೆ. ಸಹಕಾರ ಸಂಘದಲ್ಲಂತೂ ನಿಗದಿಯಷ್ಟು ಸಭೆಗೆ ಬಾರದವರು, ವ್ಯವಹಾರ ಮಾಡದವರು ಮತದಾನದ ಹಕ್ಕು ಕಳ್ಕೊತಾರೆ. ಚುನಾವಣೆಗೆ ಮುನ್ನ ಮತದಾರರ ಪಟ್ಟಿ ನೋಡಿ ಬೆಚ್ಚಿಬೀಳೋರಲ್ಲಿ ಸಂಘ ಶುರುಮಾಡಿದಾಗ ಸಹಿ ಹಾಕಿದ್ದ ಹತ್ತು ಜನರಲ್ಲಿ ಒಬ್ಬಿಬ್ಬರೂ ಇರಬಹುದು.